ಕಾರವಾರದಿಂದ ಒಂದೇ ದಿನದಲ್ಲಿ ಹಳೆ ಗೋವಾದ ಸೆ ಕೆಥೆಡ್ರಲ್ ನೋಡಿ ಬರುವುದು ಹೇಗೆ?

ಹಳೆ ಗೋವಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಬೊಮ್ ಜೀಸಸ್ ಬಸಿಲಿಕಾದ ಎದುರು ಇಳಿಯುತ್ತಾರೆ. ಸಂತ ಫ್ರಾನ್ಸಿಸ್ ಜೇವಿಯರ್ ಅವರ ಪಾರ್ಥಿವ ಶರೀರವಿರುವ ಪೆಟ್ಟಿಗೆಗೆ ಕೈ ಮುಗಿದು, ರಸ್ತೆ ದಾಟಿ, ಆಚೆಯ ದೊಡ್ಡ ಬಿಳಿ ಇಗರ್ಜಿಯೊಳಗೆ (ಚರ್ಚಿನೊಳಗೆ) ಹತ್ತು ನಿಮಿಷ ಇಣುಕಿ, ಅಲ್ಲಿಂದ ನೇರವಾಗಿ ಕಲಂಗುಟದ ಕಡಲತೀರಕ್ಕೆ ಹೊರಟುಬಿಡುತ್ತಾರೆ. ಆ ಬಿಳಿ ಇಗರ್ಜಿಯೇ ಸಂತ ಕ್ಯಾಥರೀನ್‌ಗೆ ಅರ್ಪಿತವಾದ ಸೆ ಕೆಥೆಡ್ರಲ್, ಅಂದರೆ ಗೋವಾದ ಆರ್ಚ್‌ಬಿಷಪ್ಪರ ಪೀಠವಿರುವ ಮುಖ್ಯ ಇಗರ್ಜಿ. ಅದರ ಕಟ್ಟಡ ಶುರುವಾದದ್ದು 1562ರಲ್ಲಿ. ಮುಖ್ಯ ಭಾಗ ಮುಗಿದದ್ದು 1619ರಲ್ಲಿ, ಒಳಗಿನ ಪೂಜಾಪೀಠಗಳು ಪೂರ್ಣಗೊಂಡದ್ದು 1652ರಲ್ಲಿ. ಮೂರು ತಲೆಮಾರುಗಳ ಕೈಕೆಲಸಕ್ಕೆ ಹತ್ತು ನಿಮಿಷ ಸಾಲುವುದಿಲ್ಲ. ಈ ಪ್ರವಾಸದ ಕ್ರಮವನ್ನೇ ತಿರುಗಿಸಿ: ಮೊದಲು ಸೆ, ಅದೂ ಬೆಳಿಗ್ಗೆ, ಕನಿಷ್ಠ ಒಂದೂವರೆ ಗಂಟೆ. ಉಳಿದದ್ದೆಲ್ಲ ಆಮೇಲೆ.

ನಮ್ಮ ಜಿಲ್ಲೆಯವರಿಗೆ ಅದು ಹೊರಗಿನ ಕಟ್ಟಡವೂ ಅಲ್ಲ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ರಚನೆಯಾಗುವ ಮೊದಲು ಉತ್ತರ ಕನ್ನಡದ ಇಗರ್ಜಿಗಳು ಗೋವಾದ ಆರ್ಚ್‌ಬಿಷಪ್ಪರ ಆಡಳಿತಕ್ಕೆ ಒಳಪಟ್ಟಿದ್ದವು. ಕಾರವಾರಕ್ಕೆ ತನ್ನದೇ ಧರ್ಮಪ್ರಾಂತ್ಯ ಬಂದದ್ದು 1976ರಲ್ಲಿ. ಅಂದರೆ ಇಲ್ಲಿಯ ಹಿರಿಯ ಕ್ರೈಸ್ತರ ಅಜ್ಜ ಅಜ್ಜಿಯರಿಗೆ ತಮ್ಮ ಧರ್ಮಗುರುವಿನ ಪೀಠವೆಂದರೆ ಇದೇ ಸೆ.

ಯಾವ ದಿನ ಹೋಗಬೇಕು

ಶುಕ್ರವಾರ ಬೇಡ, ಅಂದು ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಜೆ. ಭಾನುವಾರ ಬೆಳಿಗ್ಗೆ ಬಲಿಪೂಜೆಯ, ಅಂದರೆ ಇಗರ್ಜಿಯ ಸಾಮೂಹಿಕ ಆರಾಧನೆಯ (ಮಾಸ್) ಹೊತ್ತು, ಅದು ಅಲ್ಲಿಯ ಭಕ್ತರದು. ವಾರದ ಉಳಿದ ದಿನಗಳು ಅನುಕೂಲ. ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ 3ರವರೆಗೆ ಸಂತ ಜೇವಿಯರ್ ಅವರ ನೊವೆನಾ (ಒಂಬತ್ತು ದಿನಗಳ ಪ್ರಾರ್ಥನೆ) ಮತ್ತು ಫೆಸ್ತ (ಹಬ್ಬ) ನಡೆಯುತ್ತದೆ. ಜನಸಾಗರ ನೋಡುವ ಆಸೆಯಿದ್ದರೆ ಆಗ ಹೋಗಿ, ಕಟ್ಟಡ ನೋಡುವ ಆಸೆಯಿದ್ದರೆ ಆ ದಿನಗಳನ್ನು ಬಿಡಿ. ಮಳೆಗಾಲದಲ್ಲಿಯೂ ಹೋಗಬಹುದು. ಆದರೆ ಆಗ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ ಇರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ.

ಹೋಗುವ ದಾರಿ

ರೈಲು ಒಳ್ಳೆಯದು. ಶಿರವಾಡದ ಕಾರವಾರ ನಿಲ್ದಾಣದಿಂದ ಮಡಗಾಂವ್‌ಗೆ ಸುಮಾರು ಒಂದು ಗಂಟೆ. ಅದರಾಚೆಗೆ ಹೋಗುವ ಕೆಲವು ರೈಲುಗಳು ಕರ್ಮಳಿಯಲ್ಲಿ ನಿಲ್ಲುತ್ತವೆ. ಹಳೆ ಗೋವಾಕ್ಕೆ ಹತ್ತಿರದ ನಿಲ್ದಾಣ ಅದೇ, ಇಳಿದ ಮೇಲೆ ಆಟೊದಲ್ಲಿ ಸ್ವಲ್ಪವೇ ದೂರ. ಹೊತ್ತಿಗೆ ಸರಿಯಾಗಿ ಕರ್ಮಳಿಯ ರೈಲು ಸಿಗದಿದ್ದರೆ ಮಡಗಾಂವ್‌ನಲ್ಲಿ ಇಳಿದು, ಕದಂಬ ಬಸ್ ನಿಲ್ದಾಣದಿಂದ ಪಣಜಿಗೆ ಹೋಗುವ ತಡೆರಹಿತ ಬಸ್ ಹಿಡಿಯಿರಿ. ಇದಕ್ಕೆ ಟಿಕೆಟ್ಟನ್ನು ಕೌಂಟರಿನಲ್ಲಿಯೇ ತೆಗೆದುಕೊಳ್ಳಬೇಕು. ಪಣಜಿಯಿಂದ ಹಳೆ ಗೋವಾ ಸುಮಾರು ಹತ್ತು ಕಿಲೋಮೀಟರ್, ಬಸ್ಸುಗಳು ಮೇಲಿಂದ ಮೇಲೆ ಇವೆ.

ಸ್ವಂತ ವಾಹನದಲ್ಲಿ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ 66 ಇದೆ. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ, ಕಾಣಕೋಣ, ಮಡಗಾಂವ್, ಕುಠ್ಠಾಳಿ, ಆಮೇಲೆ ಜುವಾರಿ ನದಿಯ ಹೊಸ ಸೇತುವೆ. ಒಟ್ಟು ನೂರು ಕಿಲೋಮೀಟರ್ ಆಸುಪಾಸು. 2024ರ ಆಗಸ್ಟ್‌ನಲ್ಲಿ ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡಾಡತೊಡಗಿದ್ದರಿಂದ, ಕಾರವಾರ ದಾಟುವುದಕ್ಕೆ ಕೊಂಚ ಹೆಚ್ಚು ಸಮಯ ಇಟ್ಟುಕೊಂಡು ಬೇಗ ಹೊರಡಿ. ಶಿರಸಿ, ಸಿದ್ದಾಪುರದ ಕಡೆಯವರು ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟ ಮಾಡಬಾರದು. ಹಿಂದಿನ ರಾತ್ರಿ ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ಉಳಿದರೆ ಬೆಳಗಿನ ಹೊತ್ತು ಕೈಯಲ್ಲಿರುತ್ತದೆ.

ಬೆಳಗಿನ ಹೊತ್ತಿಗೆ ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣವಿದೆ. ಸೆ ಕೆಥೆಡ್ರಲ್‌ನ ಮುಖ ಪೂರ್ವಕ್ಕಿದೆ. ಎಳೆಬಿಸಿಲು ನೇರವಾಗಿ ಅದರ ಮುಂಗೋಡೆಯ ಮೇಲೆ ಬೀಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಹೋದರೆ ಅದೇ ಗೋಡೆ ನೆರಳಿನಲ್ಲಿ ಸಪ್ಪೆಯಾಗಿರುತ್ತದೆ, ಫೋಟೊ ಕೂಡ ಸರಿಯಾಗಿ ಬರುವುದಿಲ್ಲ.

ಉಡುಪು ಮತ್ತು ನಡವಳಿಕೆ

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಚಪ್ಪಲಿ ಕಳಚಬೇಕಿಲ್ಲ, ತಲೆಯ ಟೊಪ್ಪಿ ತೆಗೆಯಬೇಕು. ಪ್ರವೇಶ ಶುಲ್ಕವಿಲ್ಲ. ಬೆಂಚುಗಳ ಮುಂದೆ ಕೆಳಗಡೆ ಇರುವ ಉದ್ದ ಹಲಗೆ ಮೊಣಕಾಲೂರಿ ಪ್ರಾರ್ಥಿಸುವುದಕ್ಕೆ, ಅದರ ಮೇಲೆ ಕಾಲು ಚಾಚಿ ಕುಳಿತುಕೊಳ್ಳಬಾರದು. ಒಳಗೆ ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹೊರಗೆ ಹುಲ್ಲುಹಾಸಿನ ಬಳಿ ಕಾಯಿರಿ, ಇಲ್ಲವೇ ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿ. ಪರಮಪ್ರಸಾದ ಸ್ವೀಕರಿಸಲು ಜನ ಸಾಲುಗಟ್ಟಿದಾಗ ಕ್ರೈಸ್ತರಲ್ಲದವರು ಆ ಸಾಲಿಗೆ ಸೇರಬಾರದು. ನಮ್ಮಲ್ಲಿ ಪ್ರಸಾದ ಎಲ್ಲರಿಗೂ ಹಂಚುವಂಥದ್ದು, ಅಲ್ಲಿ ಅದು ದೀಕ್ಷೆ ಪಡೆದವರಿಗೆ ಮಾತ್ರ. ಫೋಟೊ ಬಗ್ಗೆ ಬಾಗಿಲಲ್ಲಿರುವ ಫಲಕ ಹೇಳಿದಂತೆ ನಡೆಯಿರಿ.

ಮೊದಲು ಹೊರಗೆ ನಿಲ್ಲಿ

ಒಳಗೆ ನುಗ್ಗುವ ಮೊದಲು ಎದುರಿನ ಬಯಲಿನಲ್ಲಿ, ಸಾಧ್ಯವಾದಷ್ಟು ದೂರ ಹಿಂದೆ ಸರಿದು ನಿಂತುಕೊಳ್ಳಿ. ಕಟ್ಟಡ ಒಂದು ಕಡೆ ಬೋಳಾಗಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಎಡಕ್ಕೆ ಗೋಪುರವಿದೆ, ಬಲಕ್ಕೆ ಇಲ್ಲ. ಮೊದಲು ಎರಡೂ ಇದ್ದವು. 1776ರಲ್ಲಿ ಒಂದು ಕುಸಿದುಬಿತ್ತು, ಮತ್ತೆ ಯಾರೂ ಕಟ್ಟಲಿಲ್ಲ. ಕಟ್ಟದೇ ಹೋದದ್ದರಲ್ಲಿಯೇ ಆ ಊರಿನ ಕಥೆಯಿದೆ. ಅಷ್ಟು ಹೊತ್ತಿಗೆ ಪಿಡುಗುಗಳ ಹೊಡೆತಕ್ಕೆ ಜನ ಊರು ಬಿಟ್ಟು ಹೋಗಿದ್ದರು. 1843ರಲ್ಲಿ ರಾಜಧಾನಿಯ ಪಟ್ಟ ಅಧಿಕೃತವಾಗಿ ಪಣಜಿಗೆ ಹೋಯಿತು. ನೀವು ನಿಂತಿರುವ ಹುಲ್ಲುಹಾಸಿನ ಸುತ್ತ ಒಂದು ಕಾಲದಲ್ಲಿ ಬೀದಿಗಳು, ಅರಮನೆಗಳು, ಅಂಗಡಿಸಾಲುಗಳು ಇದ್ದವು. ಉಳಿದ ಗೋಪುರದಲ್ಲಿ ನೇತಾಡುವ ದೊಡ್ಡ ಗಂಟೆಗೆ ಅದರ ನಾದದ ಸೊಗಸಿನಿಂದಾಗಿ ಚಿನ್ನದ ಗಂಟೆ ಎಂಬ ಹೆಸರಿದೆ.

ಇನ್ನೂ ಒಂದು ಸಂಗತಿ ಇದೇ ಬಯಲಿನಲ್ಲಿ ನೆನಪಾಗಬೇಕು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ಪೀಠ ಸ್ಥಾಪನೆಯಾಯಿತು, ಅದು ಕೊನೆಗೂ ಮುಚ್ಚಿದ್ದು 1812ರಲ್ಲಿ. ಅದರ ಅರಮನೆ ನಿಂತಿದ್ದದ್ದು ಈ ಚೌಕದಲ್ಲಿಯೇ. ಇಂದು ಅದರ ಕುರುಹು ಉಳಿದಿಲ್ಲ. ಆ ಕಾಲದ ಧಾರ್ಮಿಕ ಒತ್ತಡಕ್ಕೆ ಹೆದರಿ ದೇವರನ್ನು ಹೊತ್ತು ನದಿ ದಾಟಿದವರು, ದಕ್ಷಿಣಕ್ಕೆ ಸರಿದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ನೆಲೆ ನಿಂತವರು ಅನೇಕ. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆಗಳ ಕುಲದೇವರು ಇಂದಿಗೂ ಗೋವಾದಲ್ಲಿರುವುದು ಇದೇ ಕಾರಣಕ್ಕೆ. ಕಟ್ಟಡದ ಚೆಲುವನ್ನು ಮೆಚ್ಚಿಕೊಳ್ಳುವಾಗ ಈ ನೋವನ್ನು ಮರೆಯಬೇಕಾಗಿಲ್ಲ, ನೋವು ನೆನೆದೆವೆಂದು ಚೆಲುವಿಗೆ ಕಣ್ಣು ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಎರಡನ್ನೂ ಜೊತೆಗೆ ಹಿಡಿದುಕೊಂಡು ಒಳಗೆ ಹೋಗಿ. ಮಕ್ಕಳಿದ್ದರೆ ಅವರಿಗೂ ಎರಡನ್ನೂ ಹೇಳಿ.

ಒಳಗೆ ಹೀಗೆ ನೋಡಿ

ಬಾಗಿಲು ದಾಟಿದ ಕೂಡಲೇ ಮುಂದಕ್ಕೆ ನಡೆಯಬೇಡಿ. ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳುವ ತನಕ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಉದ್ದ ಸುಮಾರು 250 ಅಡಿ, ಅಗಲ 181 ಅಡಿ. ಹೊರಗಡೆ ಟಸ್ಕನ್ ಶೈಲಿ, ಅಂದರೆ ಅಲಂಕಾರ ಕಡಿಮೆಯಿರುವ ಸಾದಾ ಗೋಡೆ. ಒಳಗಡೆ ಕೊರಿಂಥಿಯನ್ ಶೈಲಿ. ಕಂಬಗಳ ತಲೆಯಲ್ಲಿ ಎಲೆಗಳ ಕೆತ್ತನೆ ಕಾಣಿಸಿದರೆ ಅದೇ ಅದರ ಗುರುತು. ಗೋಡೆಯಲ್ಲಿರುವುದು ನಮ್ಮ ಮನೆಗಳಿಗೆ ಬಳಸುವ ಚಿರೆಕಲ್ಲೇ, ಅದರ ಮೇಲೆ ಸುಣ್ಣದ ಗಾರೆ.

ಎರಡೂ ಬದಿಯಲ್ಲಿ ನಾಲ್ಕು ನಾಲ್ಕರಂತೆ ಎಂಟು ಚಿಕ್ಕ ಪ್ರಾರ್ಥನಾಲಯಗಳಿವೆ, ಎಲ್ಲ ಸೇರಿ ಹದಿನೈದು ಪೀಠಗಳು. ಎಲ್ಲವನ್ನೂ ಒಂದೇ ಸಮನಾಗಿ ನೋಡಲು ಹೋದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನನ್ನ ಆಯ್ಕೆ ಮೂರು.

ಮೊದಲನೆಯದು ಬಾಗಿಲ ಸಮೀಪದ ದೀಕ್ಷಾಸ್ನಾನದ ತೊಟ್ಟಿ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸುವಾಗ ನೀರು ಹಾಕುವ ತೊಟ್ಟಿ. 1532ರದು, ಅಂದರೆ ಈ ಕಟ್ಟಡಕ್ಕಿಂತ ಹಳೆಯದು. ಸಂತ ಫ್ರಾನ್ಸಿಸ್ ಜೇವಿಯರ್ ಇದರಲ್ಲಿಯೇ ದೀಕ್ಷಾಸ್ನಾನ ಕೊಟ್ಟರೆಂದು ಪ್ರತೀತಿ. ಎರಡನೆಯದು ಪವಾಡದ ಶಿಲುಬೆಯ ಪ್ರಾರ್ಥನಾಲಯ. 1619ರಲ್ಲಿ ಹಳೆ ಗೋವಾದ ಗುಡ್ಡವೊಂದರ ಮೇಲಿದ್ದ ಈ ಮರದ ಶಿಲುಬೆಯಲ್ಲಿ ಕ್ರಿಸ್ತನ ದರ್ಶನವಾಯಿತು ಎನ್ನುತ್ತಾರೆ. ಶಿಲುಬೆ ಬೆಳೆಯುತ್ತಲೇ ಇದೆ ಎಂಬುದು ಭಕ್ತರ ನಂಬಿಕೆ. ಇಲ್ಲಿ ಹರಕೆ ಹೊತ್ತವರು ಮೌನವಾಗಿ ನಿಂತಿರುತ್ತಾರೆ, ಅವರ ಮುಂದೆ ಹಾಯಬೇಡಿ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು, ಮುಖ್ಯ ಪೀಠದ ಹಿಂದಿನ ಚಿನ್ನದ ಲೇಪದ ಕೆತ್ತನೆ. ಅದು ಮರ, ಮೇಲಿರುವುದು ಚಿನ್ನದ ರೇಕು. ದೂರದಿಂದ ಹೊಳಪು ಮಾತ್ರ ಕಾಣಿಸುತ್ತದೆ, ಮುಂದಿನ ಸಾಲಿಗೆ ಹೋದರೆ ಅದರಲ್ಲಿ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನ್‌ಳ ಕಥೆ ಬಿಚ್ಚಿಕೊಳ್ಳುತ್ತದೆ. ಪರಂಪರೆಯ ಪ್ರಕಾರ ಈಕೆ ರೋಮನ್ ಚಕ್ರವರ್ತಿಯ ಎದುರು ಐವತ್ತು ಪಂಡಿತರನ್ನು ವಾದದಲ್ಲಿ ಸೋಲಿಸಿದ ತರುಣಿ. ಮುಳ್ಳಿನ ಚಕ್ರಕ್ಕೆ ಕಟ್ಟಿ ಕೊಲ್ಲಲು ಹೊರಟಾಗ ಚಕ್ರವೇ ಮುರಿಯಿತು, ಕೊನೆಗೆ ತಲೆ ಕಡಿದರು. ಕಥೆ ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ಬಹಳ ಅಂತರವಿದೆ, ಆದ್ದರಿಂದ ಮನೆಯವರಿಗೆ ದಾರಿಯಲ್ಲಿಯೇ ಹೇಳಿಬಿಡಿ. ಸಣ್ಣ ದುರ್ಬೀನು ಇದ್ದರೆ ಚೀಲದಲ್ಲಿ ಹಾಕಿಕೊಳ್ಳಿ, ಎತ್ತರದ ಕೆತ್ತನೆ ಬರಿಗಣ್ಣಿಗೆ ಸಿಗುವುದಿಲ್ಲ.

ಕ್ಯಾಥರೀನ್‌ಳ ಹೆಸರೇ ಯಾಕೆ? ಆಫೊನ್ಸೊ ಡಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾವನ್ನು ಎರಡನೆಯ ಸಲ, ಖಾಯಮ್ಮಾಗಿ ಗೆದ್ದುಕೊಂಡದ್ದು 1510ರ ನವೆಂಬರ್ 25ರಂದು, ಆಕೆಯ ಹಬ್ಬದ ದಿನ. ಗೋವಾದ ಮೇಲೆ ಏರಿ ಹೋಗುವಂತೆ ಅವನನ್ನು ಒಪ್ಪಿಸಿದವರಲ್ಲಿ ಮುಖ್ಯನಾದವನು ನಮ್ಮ ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸರ ಬರಹಗಳಲ್ಲಿ ತಿಮೋಜ. ಶರಾವತಿಯ ಮುಖದಿಂದ ಹೊರಟ ಒಂದು ಸಲಹೆ ನಾಲ್ಕೂವರೆ ಶತಮಾನದ ಆಳ್ವಿಕೆಗೆ ದಾರಿ ತೆರೆಯಿತು. ಹೊನ್ನಾವರದ ಶಾಲೆಗಳಲ್ಲಿ ಈ ಹೆಸರನ್ನು ಗಟ್ಟಿಯಾಗಿ ಹೇಳಿಕೊಡಬೇಕು ಎಂಬುದು ನನ್ನ ಆಗ್ರಹ.

ಗೆದ್ದ ಹೊಸದರಲ್ಲಿ ಅಲ್ಬುಕರ್ಕ್ ಕಟ್ಟಿಸಿದ್ದು ಒಂದು ಚಿಕ್ಕ ಪ್ರಾರ್ಥನಾಲಯ. ಸೆ ಕೆಥೆಡ್ರಲ್‌ನಿಂದ ಹೊರಗೆ ಬಂದು ಪಶ್ಚಿಮಕ್ಕೆ ನಡೆದರೆ ಸಂತ ಕ್ಯಾಥರೀನ್ ಚಾಪೆಲ್ ಈಗಲೂ ಸಿಗುತ್ತದೆ, ಆಮೇಲೆ ಮತ್ತೆ ಕಟ್ಟಿದ ರೂಪದಲ್ಲಿ. 1534ರಲ್ಲಿ ಗೋವಾ ಧರ್ಮಪ್ರಾಂತ್ಯವಾದಾಗ ಕೆಥೆಡ್ರಲ್‌ನ ಪದವಿ ದೊರೆತದ್ದು ಇದಕ್ಕೆ. ಅಲ್ಲಿಗೆ ಬಹಳ ಜನ ಹೋಗುವುದಿಲ್ಲ, ನೀವು ತಪ್ಪದೆ ಹೋಗಿ.

ಊಟಕ್ಕೆ ಮೊದಲು, ಊಟದ ನಂತರ

ಸೆ ಕೆಥೆಡ್ರಲ್‌ನ ಬೆನ್ನಿಗಿರುವುದು ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಗರ್ಜಿ. ಅದರ ಮಠದ ಕಟ್ಟಡದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ವಸ್ತುಸಂಗ್ರಹಾಲಯವಿದೆ. ಪೋರ್ಚುಗೀಸ್ ಅಧಿಪತಿಗಳ ಚಿತ್ರಗಳ ಸಾಲು ಒಂದು ಕಡೆ, ವೀರಗಲ್ಲುಗಳು ಇನ್ನೊಂದು ಕಡೆ. ಬನವಾಸಿಯ ಸುತ್ತ ವೀರಗಲ್ಲು ನೋಡಿ ಬೆಳೆದವರಿಗೆ ಅವುಗಳ ಪರಿಚಯ ಬೇರೆ ಬೇಕಿಲ್ಲ.

ಆಮೇಲೆ ರಸ್ತೆ ದಾಟಿ ಬೊಮ್ ಜೀಸಸ್‌ಗೆ ಹೋಗಿ. ಇದು 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ. 1950ರ ದಶಕದಲ್ಲಿ ಇದರ ಗಾರೆಯನ್ನು ಕೆರೆದು ತೆಗೆದರು, ಅದಕ್ಕೇ ಚಿರೆಕಲ್ಲು ಹೊರಗೆ ಕಾಣುತ್ತದೆ. ನೋಡುವವರಿಗೆ ಆ ಕೆಂಪು ಬಣ್ಣ ಇಷ್ಟವಾಗುತ್ತದೆ ನಿಜ. ಆದರೆ ನಮ್ಮ ಕರಾವಳಿಯ ಮಳೆಗೆ ಬರಿ ಚಿರೆಕಲ್ಲು ಏನಾಗುತ್ತದೆಂದು ಇಲ್ಲಿ ಮನೆ ಕಟ್ಟಿದ ಯಾರನ್ನು ಬೇಕಾದರೂ ಕೇಳಿ. ಸೆ ಬೆಳ್ಳಗೆ ಗಟ್ಟಿಯಾಗಿ ನಿಂತಿರುವುದಕ್ಕೆ ಅದರ ಗಾರೆ ಒಂದು ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ, ಬೊಮ್ ಜೀಸಸ್‌ಗೂ ಆ ಹೊದಿಕೆ ಮರಳಿ ಸಿಗಬೇಕು. ಸಂತ ಜೇವಿಯರ್ ಅವರ ಪಾರ್ಥಿವ ಶರೀರದ ಬಹಿರಂಗ ದರ್ಶನ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಆಗ ಅದನ್ನು ಮೆರವಣಿಗೆಯಲ್ಲಿ ತಂದು ಇರಿಸುವುದು ಸೆ ಕೆಥೆಡ್ರಲ್‌ನಲ್ಲಿಯೇ. ಕಳೆದ ಸಲದ್ದು ಮುಗಿದದ್ದು 2025ರ ಜನವರಿಯಲ್ಲಿ.

ಶಕ್ತಿ ಉಳಿದಿದ್ದರೆ ಮಾಂಡೋವಿಯ ದಡದ ವೈಸರಾಯ್ ಕಮಾನಿನವರೆಗೆ ನಡೆಯಿರಿ. ಊಟಕ್ಕೆ ಹಳೆ ಗೋವಾದ ಚಿಕ್ಕ ಹೋಟೆಲುಗಳು ಸಾಕು, ಆಯ್ಕೆ ಬೇಕೆಂದರೆ ಪಣಜಿ.

ಮರಳುವಾಗ

ರೈಲಿನವರು ಮಡಗಾಂವ್‌ನಿಂದ ಕಾರವಾರದ ಕಡೆಗೆ ಸಂಜೆ ಯಾವ ರೈಲಿದೆ ಎಂದು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಬೇಕು. ಸ್ವಂತ ವಾಹನದವರಿಗೆ ನಾನು ಹೇಳುವ ದಾರಿ ಬೇರೆ: ಹಳೆ ಗೋವಾದಿಂದ ಫೋಂಡಾ, ಅಲ್ಲಿಂದ ಬೋರಿ ಸೇತುವೆ ದಾಟಿ ಮಡಗಾಂವ್. ಈ ದಾರಿಯ ಆಸುಪಾಸಿನಲ್ಲಿ ಮಂಗೇಶಿ ದೇವಸ್ಥಾನ ಇದೆ, ಕವಳೆಯ ಶಾಂತಾದುರ್ಗೆ ಇದ್ದಾಳೆ. ಕುಠ್ಠಾಳಿ, ಕೇಳಶಿಯ ಮೂಲ ನೆಲೆಗಳಿಂದ 1560ರ ದಶಕದಲ್ಲಿ ಭಕ್ತರು ಹೊತ್ತು ತಂದ ದೇವರುಗಳು ಇವು. ಬೆಳಿಗ್ಗೆ ಸೆ ಎದುರಿನ ಬಯಲಿನಲ್ಲಿ ಕೇಳಿದ ಕಥೆಯ ಇನ್ನೊಂದು ಅರ್ಧ ಇಲ್ಲಿದೆ. ಶಿರಸಿ ಕಡೆಯವರು ಬಾಂದೋಡೆಗೂ ಹೋಗಬೇಕು: ಹೈದರಾಲಿ ಶಿರಸಿ ಬಳಿಯ ಸೋದೆಯನ್ನು ವಶಪಡಿಸಿಕೊಂಡಾಗ ಸೋದೆಯ ಅರಸರು ಗೋವಾಕ್ಕೆ ಬಂದು ನೆಲೆಸಿದ್ದು ಅಲ್ಲಿಯೇ. ಆಶ್ರಯ ಕೊಟ್ಟವರು ಅದೇ ಪೋರ್ಚುಗೀಸರು.

ಮಾಜಾಳಿಯ ಅಬಕಾರಿ ತಪಾಸಣೆಯಲ್ಲಿ ವಾಹನ ತಡೆಯುವುದುಂಟು. ಪರವಾನಗಿ ಇಲ್ಲದೆ ಗೋವಾದ ಮದ್ಯ ತರಬೇಡಿ.