ಕೊರೊನರಿ ಫಿಸ್ಟುಲಾ: ಪ್ಲಗ್ ಬಿಡುವ ಮುಂಚಿನ ಹತ್ತು ನಿಮಿಷ

ಕೊರೊನರಿ ಫಿಸ್ಟುಲಾ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊರೊನರಿ ನಾಳ ದಾರಿ ತಪ್ಪಿ ಹೃದಯದ ಕೋಣೆಗೋ ಬೇರೆ ನಾಳಕ್ಕೋ ತೆರೆದುಕೊಂಡಿರುವುದು. ಅದನ್ನು ಮುಚ್ಚುವಾಗ ಪ್ಲಗ್, ಅಂದರೆ ಒಳಗೆ ಹೋಗಿ ಅರಳುವ ಬಿರಡೆ, ಬಿಡುವುದು ಕಷ್ಟವಲ್ಲ. ಎಲ್ಲಿ ಬಿಡಬೇಕು ಅನ್ನೋದೇ ಕಷ್ಟ. ಕಾಸರಗೋಡಿನಲ್ಲಿ ನನಗೆ ಇಂಥ ಕೇಸು ಸಿಗುವುದೇ ಅಪರೂಪ.

ಇವರು ಬದಿಯಡ್ಕ ಕಡೆಯವರು, ನಡುವಯಸ್ಸಿನ ಹೆಂಗಸು. ನಡೆದರೆ ಏದುಸಿರು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಬಿಡದೆ ಕೇಳುವ ಮರ್ಮರ, ರಕ್ತ ರಭಸದಿಂದ ಹರಿಯುವ ಸದ್ದು. ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡಿದಾಗ ಬಲಗಡೆಯ ಕೊರೊನರಿ ನಾಳ ಉಬ್ಬಿ, ಸುತ್ತಿಸುತ್ತಿ ಹೋಗಿ ಬಲ ಹೃತ್ಕರ್ಣಕ್ಕೆ (ಹೃದಯದ ಬಲಗಡೆಯ ಮೇಲಿನ ಕೋಣೆ) ತೆರೆದುಕೊಂಡಿತ್ತು. ಪೈಪ್ ಒಡೆದು ತೋಟದ ನೀರೆಲ್ಲ ತೋಡಿಗೆ ಹೋದ ಹಾಗೆ ಎಂದು ಗಂಡನಿಗೆ ವಿವರಿಸಿದೆ. ಹೃದಯದ ಸ್ನಾಯುವಿಗೆ ಸಿಗಬೇಕಾದ ರಕ್ತ ಒತ್ತಡ ಕಡಿಮೆ ಇರುವ ಕಡೆಗೆ ಸೋರುತ್ತದೆ.

“ಎದೆ ಕೊಯ್ಯಲಿಕ್ಕುಂಟಾ ಡಾಕ್ಟ್ರೇ?” ಎಂದು ಗಂಡ ಕೇಳಿದರು. ಅಡಿಕೆಗೆ ಮದ್ದು ಬಿಡುವ ಸಮಯ, ಅವರಿಗೆ ಆ ಅವಸರವೂ ಇತ್ತು. ಬೇಡ, ತೊಡೆಯ ಸಂದಿನಿಂದ ಹೋಗಬಹುದು ಎಂದೆ. 1983ರಲ್ಲೇ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಮೂಲಕ ಮುಚ್ಚಿದ ವರದಿ ಬಂದಿದೆ. ಹಾಗಂತ ಎಲ್ಲರಿಗೂ ಇದು ಆಗುವುದಿಲ್ಲ. ಸೋರುವ ಬಾಯಿಗಳು ಹಲವಿದ್ದರೆ ಸರ್ಜನ್ ಹತ್ತಿರ ಕಳಿಸುವುದೇ ಒಳ್ಳೆಯದು.

ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಟ್ಟು, ತೊಡೆಯ ಅಪಧಮನಿಯಿಂದ ವೈರ್ ಕಳಿಸಿ ಫಿಸ್ಟುಲಾ ದಾಟಿಸಿದೆ. ಹೃತ್ಕರ್ಣದಲ್ಲಿ ಅದನ್ನು ಸ್ನೇರ್ ಎಂಬ ಕುಣಿಕೆಯಿಂದ ಹಿಡಿದು ತೊಡೆಯ ಅಭಿಧಮನಿಯಿಂದ ಹೊರಗೆಳೆದೆವು. ವೈರಿನ ಎರಡೂ ತುದಿ ನಮ್ಮ ಕೈಗೆ ಬಂತು. ಇನ್ನು ಅಭಿಧಮನಿ ಕಡೆಯಿಂದ ಶೀತ್ (ಪ್ಲಗ್ ಒಯ್ಯುವ ಕೊಳವೆ) ತಳ್ಳಲು ತೊಂದರೆಯಿಲ್ಲ.

ಪ್ಲಗ್ ಅರಳಿಸಿದೆ, ಆದರೆ ಅದನ್ನು ಹಿಡಿದಿರುವ ಕೇಬಲ್‌ನಿಂದ ಬಿಡಿಸಲಿಲ್ಲ. ಹತ್ತು ನಿಮಿಷ ಸುಮ್ನೆ ಕಾಯಬೇಕು. ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಏರುತ್ತದಾ (ಸ್ನಾಯುವಿಗೆ ರಕ್ತ ಸಾಲದ ಸೂಚನೆ ಅದು), ಎದೆನೋವು ಬರುತ್ತದಾ ನೋಡಬೇಕು. ಅವರಿಗೆ ಬರೀ ಮಂಪರು, ಕೇಳಿದರೆ ಉತ್ತರ ಕೊಡುತ್ತಿದ್ದರು. ಮತ್ತೆ ಡೈ (ಎಕ್ಸ್‌ರೇಯಲ್ಲಿ ನಾಳಗಳನ್ನು ತೋರಿಸುವ ದ್ರವ) ಹಾಕಿ ನೋಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ಸೋರಿಕೆ ಜೋರಾಗಿರುವಾಗ ಸಣ್ಣ ಕವಲುಗಳು ಸರಿಯಾಗಿ ಕಾಣುವುದಿಲ್ಲ. ಬಾಯಿ ಮುಚ್ಚಿದ ಮೇಲೆ ಅವು ತುಂಬಿಕೊಂಡು ಎದ್ದು ಕಾಣುತ್ತವೆ. ಇಲ್ಲೂ ಪ್ಲಗ್‌ಗೆ ತೀರಾ ಹತ್ತಿರ ಒಂದು ಕವಲು ಕಂಡಿತು. ಅದು ಮುಚ್ಚಿದರೆ ನಾವೇ ಹೃದಯಾಘಾತ ಮಾಡಿದಂತೆ, ಅಲ್ವಾ? ಪ್ಲಗ್ ಒಳಗೆಳೆದು, ಹೃತ್ಕರ್ಣದ ಬಾಯಿಗೆ ಸರಿಸಿ, ಪುನಃ ಅರಳಿಸಿ ಕಾದೆವು. ಇಸಿಜಿ ಅಲುಗಲಿಲ್ಲ. ಆಮೇಲೆ ಬಿಡಿಸಿದೆ.

ಉಬ್ಬಿದ ನಾಳ ಒಂದೇ ದಿನಕ್ಕೆ ಕುಗ್ಗುವುದಿಲ್ಲ. ಅದರಲ್ಲೀಗ ರಕ್ತ ನಿಧಾನ, ಹೆಪ್ಪುಗಟ್ಟುವ ಭಯ ಜಾಸ್ತಿ. ಉಸಿರಾಟ ಸರಿಯಾಯಿತೆಂದು ಆಸ್ಪಿರಿನ್ ಬಿಡಬೇಡಿ, ಸಿಟಿ ಸ್ಕ್ಯಾನ್‌ಗೆ ಪುನಃ ಬನ್ನಿ ಎಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ ಕಳಿಸಿದೆ.