ಕಲ್ಲಿನೊಳಗಿನ ಕಂದು ಉಂಗುರ ಏನೆಂದು ಪತ್ತೆ ಮಾಡಿದ್ದು

ಕೊಡಗಿನ ಬಂಡೆಯಲ್ಲಿ ಕಡಲ ಪ್ರಾಣಿಯ ಪಳೆಯುಳಿಕೆ ಸಿಗುವುದಿಲ್ಲ. ನಮ್ಮ ಬೆಟ್ಟಗಳ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು. ಆಗಿನ್ನೂ ಚಿಪ್ಪಿರುವ ಪ್ರಾಣಿಗಳೇ ಹುಟ್ಟಿರಲಿಲ್ಲ. ಅದಕ್ಕೇ ಪಕ್ಕದ ತೋಟದ ರೈಟರ ಮಗ ಒಂದು ಕಲ್ಲು ತಂದು, "ಸಾರ್, ಇದರೊಳಗೆ ಏನೋ ಇದೆ ನೋಡಿ" ಅಂದಾಗ ನಾನು ಮೊದಲು ಕೇಳಿದ್ದು, "ಎಲ್ಲಿ ಸಿಕ್ತು ಮಗಾ?" ಅಂತ.

ಅವನ ಅಮ್ಮನ ತವರು ತಮಿಳುನಾಡಿನ ಪೆರಂಬಲೂರು ಜಿಲ್ಲೆ. ರಜೆಗೆ ಹೋದಾಗ ಕಾರೈ ಊರಿನ ಹತ್ತಿರ ದಾರಿ ಬದಿಯಲ್ಲಿ ಹೆಕ್ಕಿದ್ದಂತೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸುಮಾರು 10 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಕಾಲದಲ್ಲಿ, ಆ ಜಾಗ ಕಡಲಡಿಯಲ್ಲಿತ್ತು. ಅಲ್ಲಿನ ಜೇಡಿ ನೆಲ ಪಳೆಯುಳಿಕೆಗಳಿಗೆ ಹೆಸರುವಾಸಿ.

ಕಲ್ಲು ಮಾಸಲು ಹಳದಿ. ಒಡೆದ ಮುಖದಲ್ಲಿ ಕಿರುಬೆರಳು ದಪ್ಪದ, ಜೇನು ಬಣ್ಣದ ಒಂದು ದುಂಡು. ಅದರಲ್ಲಿ ಒಂದರೊಳಗೊಂದು ಉಂಗುರಗಳು. ನೋಡಿದ ಕೂಡಲೇ ಮರದ ಕೊಂಬೆ ಅನ್ನಿಸುತ್ತದೆ. ಅನ್ನಿಸಬೇಕಾದ್ದೇ. ಅದೇ ಜಿಲ್ಲೆಯ ಸಾತನೂರಿನಲ್ಲಿ ಕಲ್ಲಾದ ಮರದ ಕಾಂಡ ಮಲಗಿದೆ, ಸುಮಾರು 18 ಮೀಟರ್ ಉದ್ದ!

ಹಳೆಯ ಟೂತ್‌ಬ್ರಷ್ಷು, ಬರೀ ನೀರು. ಅಷ್ಟರಲ್ಲೇ ತೊಳೆದೆ. ಆಮೇಲೆ ಅಂಚಿನಲ್ಲಿ ಆಗಲೇ ಸಡಿಲವಾಗಿದ್ದ ಒಂದು ಚೂರನ್ನು ಮೊಳೆಯಿಂದ ಗೀರಿದೆ. ಸುಲಭವಾಗಿ ಗೀರು ಬಿತ್ತು. ಉದುರಿದ ಪುಡಿಗೆ ವಿನೆಗರ್ ಹನಿಸಿದಾಗ ಸಣ್ಣ ಗುಳ್ಳೆಗಳು ಎದ್ದವು. (ಮನೆಯಲ್ಲಿ ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ಇದ್ದೇ ಇತ್ತು. ಆದರೆ ಅದು ಕಪ್ಪು, ಮಂದ. ಗುಳ್ಳೆ ಕಾಣುವುದಿಲ್ಲ.) ಅಂದರೆ ಇದು ಕ್ಯಾಲ್ಸೈಟ್, ಸುಣ್ಣದ ಖನಿಜ. ಸಾತನೂರಿನಂಥ ಕಲ್ಲಾದ ಮರ ಸಿಲಿಕಾದ್ದು. ಮೊಳೆಗೆ ಜಗ್ಗುವುದಿಲ್ಲ, ವಿನೆಗರ್‌ಗೆ ನೊರೆಯೂ ಬರುವುದಿಲ್ಲ. ಮರ ಅಲ್ಲ ಅಂತಾಯಿತು.

ಉಳಿದದ್ದು ಎರಡು: ಮೈತುಂಬ ಮುಳ್ಳಿರುವ ಕಡಲ ಪ್ರಾಣಿ ಸೀ ಅರ್ಚಿನ್‌ನ ದಪ್ಪ ಮುಳ್ಳು, ಇಲ್ಲವೇ ಬೆಲೆಮ್ನೈಟ್ ಎಂಬ ಅಳಿದುಹೋದ ಕಡಲ ಪ್ರಾಣಿಯ ಮೈಯೊಳಗಿನ ದಿಂಡು. ಎರಡೂ ಕ್ಯಾಲ್ಸೈಟೇ, ಎರಡೂ ಉದ್ದುದ್ದ. ಇಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಬೇಕೇ ಬೇಕು. ಅರ್ಚಿನ್ ಮುಳ್ಳು ಇಡಿಯಾಗಿ ಒಂದೇ ಹರಳು. ಮುರಿದರೆ ಓರೆಯಾದ, ನುಣುಪಾದ, ಫಳಫಳ ಹೊಳೆಯುವ ಮುಖ ಕಾಣುತ್ತದೆ. ಇದರಲ್ಲಿ ಹಾಗಿರಲಿಲ್ಲ. ಸೂಜಿಯಂಥ ಸಣ್ಣ ಹರಳುಗಳು ನಡುವಿನ ಒಂದು ಚುಕ್ಕೆಯಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡಿದ್ದವು. ಕಲ್ಲನ್ನು ಓರೆ ಮಾಡಿದಂತೆಲ್ಲ ಒಂದೊಂದು ಕಡೆಯ ಸೂಜಿಗಳು ಮಿಂಚುತ್ತಿದ್ದವು. ಉಂಗುರಗಳು ಆ ಕಡ್ಡಿಗಳನ್ನು ಅಡ್ಡ ಹಾಯ್ದಿದ್ದವು. ಬೆಳೆಯುತ್ತಾ ಪದರ ಪದರವಾಗಿ ಕೂಡಿಕೊಂಡ ಗುರುತು ಅದು.

ಇನ್ನೂ ಒಂದು ಸಾಕ್ಷಿ ನೋಡಬೇಕಿತ್ತು. ಕಲ್ಲಿನ ಇನ್ನೊಂದು ಬದಿಯಲ್ಲಿ ಇದರದೇ ತುದಿ ಸ್ವಲ್ಪ ಹೊರಗಿತ್ತು. ಮಣ್ಣನ್ನು ಒದ್ದೆ ಮಾಡಿ ಹೊಲಿಗೆ ಸೂಜಿಯಿಂದ ನಿಧಾನ ಕೆದಕಿದೆ. ಒಳಗೆ ಶಂಕುವಿನ ಆಕಾರದ ಕುಳಿ! ಬೆಲೆಮ್ನೈಟ್‌ನಲ್ಲಿ ಕೋಣೆಗಳಿರುವ ಚಿಪ್ಪಿನ ಭಾಗ ಕೂರುತ್ತಿದ್ದ ಜಾಗ ಅದು. ಅಲ್ಲಿಗೆ ನನಗೆ ಅನುಮಾನ ಉಳಿಯಲಿಲ್ಲ.

ಹುಡುಗನಿಗೆ ಹೇಳುವುದು ಸುಲಭವಾಯಿತು. ಮಂಗಳೂರಿನಿಂದ ಬರುವ ಬೊಂಡಾಸ್ (ಸ್ಕ್ವಿಡ್) ಶುಚಿ ಮಾಡುವಾಗ ಒಳಗಿಂದ ಪಾರದರ್ಶಕ ಕಡ್ಡಿಯೊಂದು ಬರುತ್ತದಲ್ವಾ? ಬೆಲೆಮ್ನೈಟ್ ಆ ಬೊಂಡಾಸಿನ ದೂರದ ನೆಂಟ. ಅದರ ಮೈಯೊಳಗೆ, ಬಾಲದ ಕಡೆ, ಇಂಥ ಗಟ್ಟಿ ದಿಂಡು ಇರುತ್ತಿತ್ತು. ಮೆತ್ತಗಿನ ಮೈ ಕೊಳೆತುಹೋಯಿತು, ದಿಂಡು ಉಳಿಯಿತು. ಈ ಸೀಮೆಯ ಬೆಲೆಮ್ನೈಟ್‌ಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲಾನ್‌ಫರ್ಡ್ 1861ರಲ್ಲೇ ವಿವರಿಸಿದ್ದರು.

ಯಾವ ಜಾತಿಯದು ಅಂತ ಹೇಳಬೇಕಾದರೆ ದಿಂಡನ್ನು ಪೂರ್ತಿ ಬಿಡಿಸಿ, ಮೇಲಿನ ಗೀರು ನೋಡಿ, ಉದ್ದಕ್ಕೆ ಕೊಯ್ಯಬೇಕು. ಹುಡುಗ ಒಪ್ಪಲಿಲ್ಲ. ನನಗೂ ಮನಸ್ಸಿರಲಿಲ್ಲ. ಚೀಟಿಯಲ್ಲಿ "ಬೆಲೆಮ್ನೈಟ್, ಕಾರೈ ಹತ್ತಿರ, ಪೆರಂಬಲೂರು ಜಿಲ್ಲೆ" ಅಂತ ಅವನ ಕೈಯಲ್ಲೇ ಬರೆಸಿ, ಕಲ್ಲಿನ ಜೊತೆ ಡಬ್ಬಿಗೆ ಹಾಕಿಸಿದೆ.