ಕ್ಲಸ್ಟರ್ ಮಾಡುವ ಮೊದಲು ಪಾಡ್ ಐಪಿ ಲೆಕ್ಕ ಹಾಕಿಕೊಳ್ಳಿ

ಕಲಬುರಗಿ, ಬೀದರ್ ಕಡೆಯಿಂದ ಕ್ಲೌಡ್ ಕೆಲಸಕ್ಕೆ ಹೊಸದಾಗಿ ಇಳಿದಿರುವ ಗೆಳೆಯರಿಗೆ ಒಂದು ಮಾತು. ಗೂಗಲ್‌ನ ಕುಬರ್ನೆಟಿಸ್ ಸೇವೆ ಜಿಕೆಇಯಲ್ಲಿ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಮಾಡುವಾಗ ಎಲ್ಲರ ಕಣ್ಣೂ ನೋಡ್‌ಗಳ, ಅಂದರೆ ಆ ಯಂತ್ರಗಳ ಮೇಲೆ. ಆದರೆ ಐಪಿ ವಿಳಾಸ ಮೊದಲು ಖಾಲಿಯಾಗುವುದು ಪಾಡ್‌ಗಳ, ಅಂದರೆ ನೋಡ್ ಮೇಲೆ ಓಡುವ ನಮ್ಮ ಆ್ಯಪ್‌ನ ಸಣ್ಣ ಘಟಕಗಳ ಕಡೆ.

ಸ್ಟ್ಯಾಂಡರ್ಡ್ ಕ್ಲಸ್ಟರ್‌ನಲ್ಲಿ (ನೋಡ್‌ಗಳನ್ನು ನಾವೇ ನೋಡಿಕೊಳ್ಳುವ ಬಗೆ) ನಾವು ಏನೂ ಹೇಳದಿದ್ದರೆ ಒಂದು ನೋಡ್‌ಗೆ ಗರಿಷ್ಠ 110 ಪಾಡ್. ಅದಕ್ಕಾಗಿ ಪ್ರತಿ ನೋಡ್‌ಗೂ ಒಂದು /24, ಅಂದರೆ 256 ವಿಳಾಸಗಳ ಗುಂಪನ್ನು ಜಿಕೆಇ ಎತ್ತಿಡುತ್ತದೆ (ಗೆರೆಯ ಪಕ್ಕದ ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು). ನೀವು ಹತ್ತೇ ಪಾಡ್ ಓಡಿಸಿದರೂ ಅಷ್ಟೂ ಹೋದಂತೆ. ಪಾಡ್‌ಗಳಿಗೆ /21 ಕೊಟ್ಟಿದ್ದೀರಿ ಅಂದುಕೊಳ್ಳಿ. 2048 ವಿಳಾಸ, ಎಂಟು ನೋಡ್‌ಗೆ ಮುಗಿಯಿತು. ಒಂಬತ್ತನೆಯದಕ್ಕೆ ಜಾಗವೇ ಇಲ್ಲ. ಗರಿಷ್ಠವನ್ನು 32ಕ್ಕೆ ಇಳಿಸಿದರೆ ನೋಡ್‌ಗೆ /26, ಅಂದರೆ 64 ವಿಳಾಸ ಸಾಕು, ಅದೇ /21ರಲ್ಲಿ 32 ನೋಡ್ ಹಿಡಿಸುತ್ತವೆ. ಎಷ್ಟು ವ್ಯತ್ಯಾಸ ಅಲ್ವಾ? ನೋಡ್ ಪೂಲ್ (ಒಂದೇ ಬಗೆಯ ನೋಡ್‌ಗಳ ಗುಂಪು) ಆದ ಮೇಲೆ ಈ ಸಂಖ್ಯೆ ಬದಲಿಸಲು ಬರುವುದಿಲ್ಲ, ಹೊಸ ಪೂಲೇ ಮಾಡಬೇಕು. ಹಾಗಾಗಿ ಮೊದಲೇ ಯೋಚಿಸಿ. ಅಪ್‌ಗ್ರೇಡ್ ಸಮಯದಲ್ಲಿ ತಾತ್ಕಾಲಿಕವಾಗಿ ಏಳುವ ಜಾಸ್ತಿ ನೋಡ್‌ಗೂ ಜಾಗ ಬಿಡಿ.

ಮುಂದೆ ಕಲಬುರಗಿ ಆಫೀಸನ್ನೋ ಯಾದಗಿರಿ ಬ್ರಾಂಚನ್ನೋ ವಿಪಿಎನ್‌ನಲ್ಲಿ ಜೋಡಿಸುವುದಿದ್ದರೆ ಅಲ್ಲಿನ ಐಪಿ ರೇಂಜ್‌ಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಎರಡೂ ಕಡೆ 10.0.0.0/16 ಇದ್ದರೆ ಟ್ರಾಫಿಕ್ ದಾರಿ ತಪ್ಪುತ್ತದೆ. 172.17.0.0/16 ಕೂಡ ಬೇಡ, ಕಂಟೇನರ್ ಓಡಿಸುವ ಸಾಧನವಾದ ಡಾಕರ್ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತದೆ.